ಕರಿ ಮನೆ, ಬಿಳಿ ಮನೆ: ಕೀಲಿಮಣೆ ವಾದ್ಯಗಳ ಒಂದು ಪಾಠ



ನಮ್ಮ ಕೂಟದ ಹಬ್ಬದೂಟಗಳಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದಿದೆ. "ಮಗಳು ಬುಧವಾರ ಪಿಯಾನೋ ಕ್ಲಾಸಿಗೆ ಹೋಗ್ತಾಳೆ, ಶನಿವಾರ ಕರ್ನಾಟಕ ಸಂಗೀತ. ಸಂಗೀತದ ಮೇಡಂ ಕೀಬೋರ್ಡ್ ಹಿಡಿದುಕೊಂಡು ಹಾಡಬೇಡ, ಕಿವಿ ಕೆಡುತ್ತೆ ಅಂತಾರೆ. ಪಿಯಾನೋ ಟೀಚರಿಗೆ ಈ ಮಾತು ಅರ್ಥವೇ ಆಗೋದಿಲ್ಲ. ಯಾರು ಹೇಳೋದು ಸರಿ ಸಾರ್?"

ನಾನು ಸಂಗೀತ ವಿದ್ವಾಂಸನಲ್ಲ. ವೃತ್ತಿಯಿಂದ ಎಂಜಿನಿಯರು. ಆದರೆ ಕೀಲಿಮಣೆ ಇರುವ ಯಾವ ವಾದ್ಯ ಕಂಡರೂ ಅದರ ಹೊಟ್ಟೆಯೊಳಗೆ ಏನಿದೆ ಎಂದು ಇಣುಕಿ ನೋಡುವ ಹುಚ್ಚು ಬಹಳ ವರ್ಷಗಳಿಂದ ಇದೆ. ಈ ಹುಚ್ಚಿಗೆ ಅಮೆರಿಕ ಒಳ್ಳೆಯ ದೇಶ. ಇಲ್ಲಿ ಹಳೆಯ ಆರ್ಗನ್ನುಗಳನ್ನು "ಬಂದು ಎತ್ತಿಕೊಂಡು ಹೋಗಿ, ದುಡ್ಡು ಬೇಡ" ಎಂದು ಕೊಡುವವರಿದ್ದಾರೆ! ನಮ್ಮ ಮನೆಯ ಬೇಸ್‌ಮೆಂಟಿನಲ್ಲಿರುವ ಕಾಲು ತುಳಿಯುವ ಆರ್ಗನ್ ಹಾಗೆ ಬಂದದ್ದೇ.

ಮೇಲಿನ ಪ್ರಶ್ನೆಗೆ ಚುಟುಕು ಉತ್ತರ: ಇಬ್ಬರೂ ಸರಿ. ಯಾಕೆ ಇಬ್ಬರೂ ಸರಿ ಎನ್ನುವುದು ತಿಳಿಯಬೇಕಾದರೆ ಈ ವಾದ್ಯಗಳ ಪರಿಚಯ ಆಗಬೇಕು. ಆದ್ದರಿಂದ ಈ ತಿಂಗಳ ಪಾಠ ಸ್ವಲ್ಪ ಉದ್ದ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಮಣೆ ಒಂದೇ, ಹೊಟ್ಟೆ ಬೇರೆ

ಕರಿ ಬಿಳಿ ಮನೆಗಳನ್ನು ನೋಡಿ ಎಲ್ಲವೂ "ಪಿಯಾನೋ ತರಹ" ಎಂದುಕೊಳ್ಳುತ್ತೇವೆ. ನಿಜವಾಗಿ ಅದು ಬಾಗಿಲು ಮಾತ್ರ. ಬಾಗಿಲ ಹಿಂದೆ ಏನು ನಡೆಯುತ್ತದೆ ಎನ್ನುವುದರ ಮೇಲೆ ವಾದ್ಯದ ಜಾತಿ ನಿರ್ಧಾರವಾಗುತ್ತದೆ.

ಹಾರ್ಪ್ಸಿಕಾರ್ಡಿನಲ್ಲಿ ಮನೆ ಒತ್ತಿದರೆ ಸಣ್ಣದೊಂದು ಮೊನೆ ತಂತಿಯನ್ನು ಮೀಟುತ್ತದೆ. ಪಿಯಾನೋದಲ್ಲಿ ಉಣ್ಣೆ ಸುತ್ತಿದ ಸುತ್ತಿಗೆ ತಂತಿಗೆ ಹೊಡೆದು ಹಿಂದೆ ಸರಿಯುತ್ತದೆ. ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ಟೋಫೋರಿ 1700ರ ಸುಮಾರಿಗೆ ಮಾಡಿದ ಉಪಾಯ ಇದು. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ. ಸೆಲೆಸ್ಟಾ ಎಂಬ ಪುಟ್ಟ ವಾದ್ಯದಲ್ಲಿ ಸುತ್ತಿಗೆ ಹೊಡೆಯುವುದು ತಂತಿಗಲ್ಲ, ಉಕ್ಕಿನ ಪಟ್ಟಿಗಳಿಗೆ. ಗೆಜ್ಜೆಯಂತಹ ಆ ದನಿಯನ್ನು ಡಿಸೆಂಬರಿನಲ್ಲಿ ನಿಮ್ಮ ಮಕ್ಕಳ ಜೊತೆ 'ನಟ್‌ಕ್ರ್ಯಾಕರ್' ಬ್ಯಾಲೆ ನೋಡಿದವರೆಲ್ಲ ಕೇಳಿರುತ್ತೀರಿ. ಪ್ಯಾರಿಸ್ಸಿನಲ್ಲಿ 1886ರಲ್ಲಿ ಹುಟ್ಟಿದ ಈ ವಾದ್ಯವನ್ನು ಚೈಕೋವ್‌ಸ್ಕಿ 1892ರಲ್ಲಿ ಅದಕ್ಕೆ ಬಳಸಿದ.

ಇನ್ನು ಆರ್ಗನ್. ಇಲ್ಲಿ ಮೀಟುವುದೂ ಇಲ್ಲ, ಹೊಡೆಯುವುದೂ ಇಲ್ಲ. ಮನೆ ಒತ್ತಿದರೆ ಗಾಳಿಗೆ ದಾರಿ ಬಿಡುತ್ತದೆ, ಅಷ್ಟೇ.

ಸಾವಿರ ಕೊಳಲಿನ ಮನೆ

ಪೈಪ್ ಆರ್ಗನ್ ಎಂದರೆ ಗಾಳಿ ತುಂಬಿದ ಒಂದು ದೊಡ್ಡ ಪೆಟ್ಟಿಗೆ, ಅದರ ಮೇಲೆ ಸಾಲು ಸಾಲಾಗಿ ನಿಲ್ಲಿಸಿದ ಕೊಳವೆಗಳು. ಒಂದು ಸಾಲಿನಲ್ಲಿ ಒಂದು ಮನೆಗೆ ಒಂದು ಕೊಳವೆ. ಸಾಮಾನ್ಯವಾಗಿ ಮಣೆಯಲ್ಲಿ 61 ಮನೆ, ಹಾಗಾಗಿ ಒಂದು ಸಾಲಿಗೆ 61 ಕೊಳವೆ. ಒಂದು ಸಾಲು ಕೊಳಲಿನಂತೆ, ಇನ್ನೊಂದು ತುತ್ತೂರಿಯಂತೆ, ಮತ್ತೊಂದು ತಂತಿವಾದ್ಯದಂತೆ ನುಡಿಯುತ್ತದೆ. ಯಾವ ಸಾಲು ಬೇಕೋ ಅದರ ಗುಬ್ಬಿಯನ್ನು ಎಳೆದು ನುಡಿಸುವುದು. ಒಬ್ಬ ಮನುಷ್ಯ ಎರಡು ಕೈ ಎರಡು ಕಾಲಿನಿಂದ (ಹೌದು, ಕಾಲಿಗೂ ಒಂದು ಮಣೆ ಇರುತ್ತದೆ) ಇಡೀ ವಾದ್ಯವೃಂದವನ್ನೇ ಆಡಿಸುತ್ತಾನೆ.

ಕೊಳವೆ ಉದ್ದವಾದಷ್ಟೂ ದನಿ ಮಂದ್ರಕ್ಕೆ ಹೋಗುತ್ತದೆ. 8 ಅಡಿಯ ತೆರೆದ ಕೊಳವೆ ಸೆಕೆಂಡಿಗೆ ಸುಮಾರು 65 ಸಲ ಕಂಪಿಸುತ್ತದೆ. 16 ಅಡಿಗೆ ಅದರ ಅರ್ಧ, 32 ಅಡಿಗೆ ಅದರ ಅರ್ಧ, ಅಂದರೆ ಸುಮಾರು 16. ನಮ್ಮ ಕಿವಿಗೆ ಕೇಳುವುದು ಸುಮಾರು 20ರಿಂದ ಮೇಲೆ. ಹಾಗಾದರೆ 32 ಅಡಿಯ ಕೊಳವೆ ಯಾಕೆ ಬೇಕು? ಅದರ ಮೂಲಸ್ವರ ಕಿವಿಗಿಂತ ಹೆಚ್ಚಾಗಿ ಎದೆಗೂಡಿಗೆ, ಕೂತ ಬೆಂಚಿಗೆ ತಿಳಿಯುತ್ತದೆ! ಪೂರ್ತಿ 64 ಅಡಿಯ ಸಾಲಿರುವ ಆರ್ಗನ್ನುಗಳು ಜಗತ್ತಿನಲ್ಲಿ ಎರಡೇ: 1890ರ ಸಿಡ್ನಿ ಟೌನ್ ಹಾಲಿನದು, ಮತ್ತು 33 ಸಾವಿರಕ್ಕೂ ಹೆಚ್ಚು ಕೊಳವೆಗಳ, ಏಳು ಮಣೆಗಳ ಅಟ್ಲಾಂಟಿಕ್ ಸಿಟಿಯದು.

ಇಂಥ ವಾದ್ಯ ಚರ್ಚಿನಲ್ಲಿ ಹುಟ್ಟಿದ್ದು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಗ್ರೀಕ್ ಎಂಜಿನಿಯರ್ ಕ್ಟೆಸಿಬಿಯಸ್ ನೀರಿನ ಭಾರದಿಂದ ಗಾಳಿಯ ಒತ್ತಡವನ್ನು ಒಂದೇ ಸಮ ಇಡುವ ಆರ್ಗನ್ ಕಟ್ಟಿದ. ರೋಮನ್ನರು ಅದನ್ನು ಅಖಾಡಗಳಲ್ಲಿ ನುಡಿಸಿದರು. ಕ್ರಿ.ಶ. 228ರ ಒಂದು ಆರ್ಗನ್ನಿನ ಅವಶೇಷ 1931ರಲ್ಲಿ ಬುಡಾಪೆಸ್ಟಿನಲ್ಲಿ ಸಿಕ್ಕಿತು. ಚರ್ಚಿಗೆ ಆರ್ಗನ್ ಬಂದದ್ದು ಅದೆಷ್ಟೋ ಶತಮಾನ ಕಳೆದ ಮೇಲೆ.

ಒಂದು ಗುಣವನ್ನು ಮಾತ್ರ ಇಲ್ಲಿ ನೆನಪಿಡಿ, ಮುಂದೆ ಬೇಕಾಗುತ್ತದೆ. ವೀಣೆಯ ನಾದ ಮೀಟಿದ ಕ್ಷಣದಿಂದ ಇಳಿಯುತ್ತಾ ಹೋಗುತ್ತದೆ, ಪಿಯಾನೋದ್ದೂ ಹಾಗೆಯೇ. ಆರ್ಗನ್ನಿನ ಸ್ವರ ಗಾಳಿ ಇರುವ ತನಕ ಇಳಿಯುವುದಿಲ್ಲ, ಏರುವುದಿಲ್ಲ, ಅಲುಗುವುದೂ ಇಲ್ಲ. ಜರ್ಮನಿಯ ಹಾಲ್ಬರ್‌ಸ್ಟಾಟ್ ಎಂಬ ಊರಿನ ಹಳೆಯ ಚರ್ಚಿನಲ್ಲಿ ಈ ಗುಣವನ್ನೇ ನೆಚ್ಚಿಕೊಂಡು ಜಾನ್ ಕೇಜ್ ಅವರ ಒಂದು ರಚನೆಯನ್ನು 2001ರಲ್ಲಿ ಶುರು ಮಾಡಿದ್ದಾರೆ. ಅದು ಮುಗಿಯುವುದು 2640ರಲ್ಲಿ! ಕೀಲಿಗಳಿಗೆ ಮರಳಿನ ಚೀಲ ತೂಗಿಬಿಟ್ಟು ಸ್ವರ ಹಿಡಿದಿಡುತ್ತಾರೆ. 2024ರ ಫೆಬ್ರವರಿ 5ರಂದು ಸ್ವರ ಬದಲಾದಾಗ ಅದನ್ನು ಕೇಳಲು ದೂರ ದೂರದಿಂದ ಜನ ಬಂದಿದ್ದರು.

ಪೇಟಿ ನಮ್ಮದಾದ ಬಗೆ

ಕೊಳವೆಯೇ ಇಲ್ಲದ ಆರ್ಗನ್ ಒಂದಿದೆ. ಅದೇ ನಮ್ಮ ಹಾರ್ಮೋನಿಯಂ, ಉತ್ತರ ಕರ್ನಾಟಕದವರ ಪೇಟಿ. ಅದರಲ್ಲಿ ದನಿ ಕೊಡುವುದು ಹಿತ್ತಾಳೆಯ ರೀಡು: ಚೌಕಟ್ಟಿನ ಸೀಳಿನಲ್ಲಿ ಹೋಗಿ ಬರುವ ಒಂದು ತೆಳುವಾದ ನಾಲಿಗೆ. ಈ ಉಪಾಯ ಏಷ್ಯಾದ್ದೇ, ಚೀನಾದ ಶೆಂಗ್ ಎಂಬ ಬಾಯಿ ವಾದ್ಯದಲ್ಲಿ ಬಹಳ ಹಿಂದಿನಿಂದ ಇತ್ತು. 18ನೆಯ ಶತಮಾನದಲ್ಲಿ ಯುರೋಪಿನವರು ಇದನ್ನು ಎತ್ತಿಕೊಂಡರು. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಂ 1840ರ ದಶಕದ ಆರಂಭದಲ್ಲಿ 'ಹಾರ್ಮೋನಿಯಂ' ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದ. ಕಾಲಿನಿಂದ ತಿದಿ ತುಳಿದು, ಎರಡೂ ಕೈಯಿಂದ ನುಡಿಸುವ ವಾದ್ಯ ಅದು. ಅಮೆರಿಕದಲ್ಲಿ ಇದರ ದಾಯಾದಿಯೊಂದು ಬೆಳೆಯಿತು. ಹಾರ್ಮೋನಿಯಂ ಗಾಳಿಯನ್ನು ಹೊರಗೆ ದಬ್ಬುತ್ತದೆ, ಅಮೆರಿಕದ ರೀಡ್ ಆರ್ಗನ್ ಒಳಗೆ ಹೀರುತ್ತದೆ. ವರ್ಮಾಂಟಿನ ಎಸ್ಟೀ ಕಂಪನಿಯೊಂದೇ ಇಂಥವನ್ನು ಐದು ಲಕ್ಷಕ್ಕೂ ಹೆಚ್ಚು ಮಾಡಿತು. ಈಗ ಬಿಟ್ಟಿ ಸಿಗುವುದು ಯಾಕೆ ಎಂದು ತಿಳಿಯಿತಲ್ಲ!

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ನಮಗೆ ಕಾಲಿನ ತಿದಿ ಒಗ್ಗಲಿಲ್ಲ. 1880ರ ದಶಕದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ವಾದ್ಯವನ್ನು ಚಿಕ್ಕದು ಮಾಡಿ, ತಿದಿಯನ್ನು ಬೆನ್ನಿಗೆ ತಂದು, ಎಡಗೈಗೆ ಒಪ್ಪಿಸಿದರು. ಬಲಗೈ ಒಂದೇ ಉಳಿಯಿತು. ಆದರೆ ನಮ್ಮ ಸಂಗೀತಕ್ಕೆ ಬೇಕಾದದ್ದು ಒಂದೇ ಎಳೆಯ ಹಾಡು, ಅದಕ್ಕೆ ಒಂದು ಕೈ ಸಾಕಲ್ಲ. ಕೈಯಾಡುವ ತಿದಿ ಹೊರಗಿನದು. ಒಳಗೆ ಸ್ಪ್ರಿಂಗಿನ ಒತ್ತಡವಿರುವ ಇನ್ನೊಂದು ತಿದಿ ಗಾಳಿಯನ್ನು ಕೂಡಿಟ್ಟುಕೊಂಡು ಸಮನಾಗಿ ಬಿಡುತ್ತದೆ. ಕ್ಟೆಸಿಬಿಯಸ್ ನೀರಿನಿಂದ ಮಾಡಿದ್ದನ್ನೇ ಇಲ್ಲಿ ಸ್ಪ್ರಿಂಗು ಮಾಡುತ್ತದೆ.

ಕಾಲು ಹಾರ್ಮೋನಿಯಂ ಮಾತ್ರ ನಮ್ಮ ಕಂಪನಿ ನಾಟಕಗಳಲ್ಲಿ ಗಟ್ಟಿಯಾಗಿ ಉಳಿದುಕೊಂಡಿತು. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳುವ ದನಿ, ಜೊತೆಗೆ ಎರಡು ಕೈಯೂ ಖಾಲಿ. ರಂಗದ ಮುಂದೆ ಕೂತ ಪೇಟಿ ಮಾಸ್ತರು ಕಣ್ಣು ಎತ್ತದಿದ್ದರೆ ರಾಜಾ ಪಾರ್ಟಿನವನೂ ಹಾಡು ಎತ್ತುವಂತಿರಲಿಲ್ಲ. ಯಕ್ಷಗಾನದಲ್ಲಿ ಹಿಂದೆ ಶ್ರುತಿಗೆ ಇದ್ದ ಪುಂಗಿಯ ಜಾಗಕ್ಕೂ ಹಾರ್ಮೋನಿಯಮ್ಮೇ ಬಂತು. ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆ (1917-2010) ಅವರಂಥವರು ಪೇಟಿಯನ್ನು ಸಾಥ್ ವಾದ್ಯವಾಗಿಯೂ ಸೋಲೋ ವಾದ್ಯವಾಗಿಯೂ ಬೆಳೆಸಿದರು.

ಒಂದು ತಮಾಷೆ ಗಮನಿಸಿ. ಹಾರ್ಮೋನಿಯಂ ಬೇಡ ಎನ್ನುವ ಗಾಯಕರೂ ತಮ್ಮ ಶ್ರುತಿ ಹೇಳುವುದು ಹೇಗೆ? "ನನ್ನದು ಐದೂವರೆ ಮನೆ." ಯಕ್ಷಗಾನದ ಭಾಗವತರು? "ಕಪ್ಪು ಎರಡು." ಲೆಕ್ಕ ಎಲ್ಲಾ ಕೀಲಿಮಣೆಯದೇ!

ರೇಡಿಯೋದಿಂದ ಗಡೀಪಾರು

ಹೀಗೆ ಮನೆಮಾತಾದ ವಾದ್ಯವನ್ನು 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋ ನಿಷೇಧಿಸಿತು. ದೆಹಲಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಸಂಗೀತಗಾರ ಜಾನ್ ಫೌಲ್ಡ್ಸ್ ಅದಕ್ಕೂ ಮೊದಲೇ ಈ ವಾದ್ಯದ ವಿರುದ್ಧ ಬರೆದಿದ್ದರು. ರವೀಂದ್ರನಾಥ ಠಾಕೂರರೂ ನಿಷೇಧದ ಪರ. ಆರೋಪ ಎರಡು: ಒಂದು, ಇದರ ಸ್ವರಸ್ಥಾನಗಳು ನಮ್ಮವಲ್ಲ. ಎರಡು, ಇದರಲ್ಲಿ ಗಮಕ, ಮೀಂಡ್ ಬರುವುದಿಲ್ಲ. ಮೂವತ್ತು ವರ್ಷಗಳ ನಂತರ, 1971ರಲ್ಲಿ, ನಿಷೇಧವನ್ನು ಭಾಗಶಃ ಸಡಿಲಿಸಿದರು.

ಅಷ್ಟು ವರ್ಷ ಎಷ್ಟು ಜನ ಪೇಟಿ ವಾದಕರ ಅನ್ನಕ್ಕೆ ಕಲ್ಲು ಬಿದ್ದಿರಬೇಕು, ಯೋಚಿಸಿ. ಆದರೆ ಆರೋಪಗಳನ್ನು ಸುಮ್ಮನೆ ತಳ್ಳಿಹಾಕುವಂತೆಯೂ ಇಲ್ಲ. ನಿಮ್ಮ ಮಗಳ ಸಂಗೀತದ ಮೇಡಂ ಹೇಳುವುದೂ ಇದೇ ಅಲ್ಲವೇ? ಒಂದೊಂದಾಗಿ ಪರೀಕ್ಷೆ ಮಾಡೋಣ.

ಮೊದಲ ಆರೋಪ: ಗಾಂಧಾರದ ಲೆಕ್ಕ

ಪೆನ್ಸಿಲ್ ತೆಗೆದುಕೊಳ್ಳಿ. ನಮ್ಮ ಷಡ್ಜ ಸೆಕೆಂಡಿಗೆ 240 ಕಂಪನ ಎಂದಿಟ್ಟುಕೊಳ್ಳಿ. ಕಿವಿಗೆ ಹಿತವಾಗಿ ಸೇರುವ ಪಂಚಮ ಅದರ ಒಂದೂವರೆ ಪಟ್ಟು, 360. ಹಾಗೆಯೇ ಅಂತರ ಗಾಂಧಾರ ಅದರ ಒಂದೂಕಾಲು ಪಟ್ಟು, 300. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯನ್ನು ಕಣ್ಣು ಮುಚ್ಚಿ ಕೇಳಿದರೆ ಮಂದ್ರದ ತಂತಿಯಿಂದ ಗಾಂಧಾರ ತಾನಾಗಿ ಮೇಲೇಳುತ್ತದೆ. ಯಾರೂ ಮೀಟದ ಆ ಸ್ವಯಂಭೂ ಗಾಂಧಾರ ಇದೇ.

ಈಗ ಪಿಯಾನೋ ಅಥವಾ ಕೀಬೋರ್ಡ್ ಏನು ಕೊಡುತ್ತದೆ ನೋಡಿ. ಪಂಚಮ 359.6. ಬಹುಪಾಲು ಸರಿ. ಗಾಂಧಾರ 302.4. ಎರಡು ಚಿಲ್ಲರೆ ಹೆಚ್ಚು. ಅಷ್ಟರಿಂದ ಏನಾಗುತ್ತದೆ ಎನ್ನಬೇಡಿ. ಷಡ್ಜದ ಐದನೆಯ ಉಪಸ್ವರ 1200, ಈ ಗಾಂಧಾರದ ನಾಲ್ಕನೆಯ ಉಪಸ್ವರ ಸುಮಾರು 1209.5. ಎರಡೂ ಗುದ್ದಾಡಿ ಸೆಕೆಂಡಿಗೆ ಒಂಬತ್ತು ಹತ್ತು ಸಲ ದನಿ ಅಲುಗುತ್ತದೆ. ಪಿಯಾನೋದಲ್ಲಿ ನಾದ ಬೇಗ ಇಳಿದುಹೋಗುವುದರಿಂದ ಇದು ಅಷ್ಟಾಗಿ ತಿಳಿಯುವುದಿಲ್ಲ. ಇಳಿಯದ, ಅಲುಗದ ಆರ್ಗನ್ ಅಥವಾ ಹಾರ್ಮೋನಿಯಂ ದನಿಯಲ್ಲಿ ಢಾಳಾಗಿ ಕೇಳುತ್ತದೆ. ನೆನಪಿಡಿ ಎಂದಿದ್ದೆನಲ್ಲ, ಆ ಗುಣದ ಫಲ ಇದು.

ಹಾಗಾದರೆ ಪಾಶ್ಚಾತ್ಯರು ತಪ್ಪಾಗಿ ಶ್ರುತಿ ಮಾಡಿಕೊಂಡಿದ್ದಾರೆಯೇ? ಇಲ್ಲ. ಅವರ ಕಷ್ಟ ಬೇರೆ. ಶುದ್ಧ ಪಂಚಮದಿಂದ ಪಂಚಮಕ್ಕೆ ಹನ್ನೆರಡು ಹೆಜ್ಜೆ ಹೋದರೆ ಏಳು ಸ್ಥಾಯಿ ಮೇಲಿನ ಷಡ್ಜಕ್ಕೆ ಬಂದು ಸೇರಬೇಕು. ಸೇರುವುದಿಲ್ಲ! ಒಂದೂವರೆಯನ್ನು ಹನ್ನೆರಡು ಸಲ ಗುಣಿಸಿದರೆ 129.75, ಎರಡನ್ನು ಏಳು ಸಲ ಗುಣಿಸಿದರೆ 128. ಈ ಹೆಚ್ಚುವರಿಯನ್ನು ಎಲ್ಲಾದರೂ ಬಚ್ಚಿಡಲೇಬೇಕು. ಅವರ ಸಂಗೀತದಲ್ಲಿ ಒಂದೇ ಕೃತಿಯೊಳಗೆ ಷಡ್ಜವೇ ಮನೆಯಿಂದ ಮನೆಗೆ ಓಡಾಡುತ್ತದೆ. ಆದ್ದರಿಂದ ಎಲ್ಲ ಮನೆಗೂ ಸ್ವಲ್ಪ ಸ್ವಲ್ಪ ನಷ್ಟ ಹಂಚಿಬಿಟ್ಟರು. ನಮ್ಮಲ್ಲಿ ಕಚೇರಿ ಶುರುವಿನಿಂದ ಮಂಗಳದವರೆಗೆ ಷಡ್ಜ ಕದಲುವುದಿಲ್ಲ. ನಮಗೆ ಆ ರಾಜಿಯ ಅಗತ್ಯವೇ ಇಲ್ಲ.

ಹಾಗೆಂದು ಈ ದೋಷ ಪೇಟಿಯ ಹಣೆಬರಹವೂ ಅಲ್ಲ. ರೀಡಿನ ತುದಿಯನ್ನು ಸ್ವಲ್ಪ ಕೆರೆದರೆ ಸ್ವರ ಏರುತ್ತದೆ, ಬುಡದ ಕಡೆ ಕೆರೆದರೆ ಇಳಿಯುತ್ತದೆ. ಒಬ್ಬ ಗಾಯಕರ ಷಡ್ಜಕ್ಕೆ ಸರಿಯಾಗಿ ಗಾಂಧಾರವನ್ನು ಇಳಿಸಿ ಕೂರಿಸುವುದಕ್ಕೆ ಪೇಟಿಯವರು 'ಗಂಧಾರ್ ಟ್ಯೂನಿಂಗ್' ಎನ್ನುತ್ತಾರೆ. 20ನೆಯ ಶತಮಾನದ ಆರಂಭದಲ್ಲಿ ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಮತ್ತು ಇಂಗ್ಲಿಷ್ ಅಧಿಕಾರಿ ಕ್ಲೆಮೆಂಟ್ಸ್ ಶ್ರುತಿ ಹಾರ್ಮೋನಿಯಮ್ಮನ್ನೇ ಮಾಡಿಸಿದ್ದರು. ನಮ್ಮ ಕಾಲದಲ್ಲಿ ಡಾ. ವಿದ್ಯಾಧರ ಓಕ್ ಅವರು ಮನೆಗಳಿಗೆ ಗುಬ್ಬಿಗಳನ್ನು ಜೋಡಿಸಿ 22 ಶ್ರುತಿಗಳ ಪೇಟಿ ರೂಪಿಸಿದ್ದಾರೆ.

ಎರಡನೆಯ ಆರೋಪ: ಗಮಕ

ಇದು ಗಟ್ಟಿಯಾದ ಆರೋಪ. ತೋಡಿಯ ಗಾಂಧಾರ ಒಂದು ಚುಕ್ಕೆಯಲ್ಲ, ಅದೊಂದು ಓಡಾಟ. ಮನೆಗೂ ಮನೆಗೂ ನಡುವೆ ಗೋಡೆ ಇರುವ ವಾದ್ಯದಲ್ಲಿ ಆ ಓಡಾಟ ಹೇಗೆ ಬಂದೀತು? ದೊಡ್ಡ ಪೇಟಿ ವಾದಕರು ಬೆರಳಿನ ವೇಗದಿಂದ, ಕಣಸ್ವರಗಳಿಂದ, ತಿದಿಯ ಉಸಿರಿನಿಂದ ಅದರ ನೆರಳನ್ನು ತರುತ್ತಾರೆ. ನೆರಳು ತರುವುದೂ ದೊಡ್ಡ ವಿದ್ಯೆಯೇ. ಆದರೆ ಅದು ನೆರಳು.

ಗಮಕ ಬರುವ ಕೀಲಿಮಣೆ ಇಲ್ಲವೇ ಇಲ್ಲವೇ ಎಂದು ಹುಡುಕುತ್ತಾ ಹೋದವನಿಗೆ ಸಿಕ್ಕ ರತ್ನ ಕ್ಲಾವಿಕಾರ್ಡ್. ಪಿಯಾನೋಗಿಂತ ಹಳೆಯದು. ಇದರಲ್ಲಿ ಕೀಲಿಯ ತುದಿಯ ಹಿತ್ತಾಳೆ ಅಲಗು ತಂತಿಗೆ ತಗುಲಿ ಅಲ್ಲೇ ನಿಲ್ಲುತ್ತದೆ, ವೀಣೆಯ ಮೆಟ್ಟಿಲಿನಂತೆ. ಬೆರಳು ಇನ್ನೂ ಮನೆಯ ಮೇಲಿರುವಾಗ ಸ್ವಲ್ಪ ಒತ್ತಿದರೆ ತಂತಿ ಬಿಗಿದು ಸ್ವರ ಏರುತ್ತದೆ, ಬಿಟ್ಟರೆ ಇಳಿಯುತ್ತದೆ! ಜರ್ಮನರು ಈ ಕಂಪನಕ್ಕೆ 'ಬೇಬುಂಗ್' ಎನ್ನುತ್ತಿದ್ದರು. ವೈಣಿಕರು ತಂತಿ ಎಳೆಯುವ ಅದೇ ತತ್ವ. ದನಿ ಮಾತ್ರ ಎಷ್ಟು ಸಣ್ಣದೆಂದರೆ ಪಕ್ಕದ ಕೋಣೆಯಲ್ಲಿ ಕುಕ್ಕರ್ ಕೂಗಿದರೆ ಮುಗಿಯಿತು.

ಇನ್ನೊಂದು, 1928ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಕೇಳಿಸಿದ ಓಂಡ್ ಮಾರ್ತನೋ ಎಂಬ ವಿದ್ಯುತ್ ವಾದ್ಯ. ಇದರ ಮನೆಗಳು ಪಕ್ಕಕ್ಕೂ ಅಲುಗುತ್ತವೆ. ಜೊತೆಗೆ ಬೆರಳಿಗೆ ಉಂಗುರ ತೊಟ್ಟು ದಾರದ ಮೇಲೆ ಜಾರಿಸಿದರೆ ಸ್ವರವೂ ಜಾರುತ್ತದೆ, ಥೇಟ್ ಮೀಂಡ್. ಒಲಿವಿಯೆ ಮೆಸ್ಸಿಯಾನ್ ತನ್ನ 'ತುರಂಗಲೀಲಾ' ಸಿಂಫನಿಯಲ್ಲಿ ಇದನ್ನು ಬಳಸಿದ. ಹೆಸರು ಕೇಳಿದಿರಾ? ಸಂಸ್ಕೃತವೇ! ದಶಕಗಳ ಕಾಲ ಪ್ಯಾರಿಸ್ಸಿನ ಒಂದು ಚರ್ಚಿನಲ್ಲಿ ಆರ್ಗನ್ ನುಡಿಸಿದ ಈ ಮನುಷ್ಯ, 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದ ಶಾರ್ಙ್ಗದೇವನ 'ಸಂಗೀತ ರತ್ನಾಕರ'ದ 120 ದೇಶೀ ತಾಳಗಳನ್ನು ಅಭ್ಯಾಸ ಮಾಡಿ ತನ್ನ ಕೃತಿಗಳಿಗೆ ತಂದುಕೊಂಡಿದ್ದ.

ಕೊಡುಕೊಳ್ಳುವಿಕೆ ಒಂದೇ ಕಡೆಯದಲ್ಲ. ತೊಂಬತ್ತಕ್ಕೂ ಹೆಚ್ಚು ಕೃತಿ ರಚಿಸಿದ ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಪಿಯಾನೋ ಸಂಗೀತದ ದೊಡ್ಡ ರಸಿಕರೂ ಹೌದು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ರೆಕಾರ್ಡ್ ಆಗುವಂತೆ 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ಅವರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಮಹಾರಾಜರಿಗೆ ಅರ್ಪಿಸಿದರು. ಎರಡೂ ಸಂಗೀತ ಒಂದೇ ಕಿವಿಯಲ್ಲಿ ಇರಬಹುದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ರಜೆಯಲ್ಲಿ ನೋಡಿ ಬನ್ನಿ

ವರ್ಜೀನಿಯಾದ ಲೂರೇ ಗುಹೆಗಳಲ್ಲಿ ಲೀಲೆಂಡ್ ಸ್ಪ್ರಿಂಕಲ್ 1950ರ ದಶಕದಲ್ಲಿ ಕಟ್ಟಿದ ಆರ್ಗನ್ನಿಗೆ ಕೊಳವೆಯೂ ಇಲ್ಲ, ರೀಡೂ ಇಲ್ಲ. ಮೂರೂವರೆ ಎಕರೆಯಲ್ಲಿ ಹರಡಿರುವ 37 ತೂಗುಕಲ್ಲುಗಳಿಗೆ ರಬ್ಬರ್ ಸುತ್ತಿಗೆ ಹೊಡೆಯುತ್ತದೆ, ಗುಹೆಯೇ ಹಾಡುತ್ತದೆ. ಸ್ಯಾನ್ ಡಿಯಾಗೋದ ಬಾಲ್ಬೋವಾ ಪಾರ್ಕಿನಲ್ಲಿ ಬಯಲಿನಲ್ಲೇ ಇರುವ ಸ್ಪ್ರೆಕಲ್ಸ್ ಆರ್ಗನ್ನನ್ನು ಭಾನುವಾರ ಮಧ್ಯಾಹ್ನ ಉಚಿತವಾಗಿ ಕೇಳಬಹುದು. ಆ ಕಡೆ ಹೋಗುವ ಸಿಂಗಪುರದ ಗೆಳೆಯರಿಗೆ ಫಿಲಿಪ್ಪೀನ್ಸಿನ ಲಾಸ್ ಪಿನ್ಯಾಸ್‌ನಲ್ಲಿ 1824ರ ಬಿದಿರಿನ ಆರ್ಗನ್ ಇದೆ, ಸಾವಿರದ ಮೇಲಿರುವ ಕೊಳವೆಗಳಲ್ಲಿ 902 ಬಿದಿರಿನವು.

ಫಿಲಡೆಲ್ಫಿಯಾದ ವಾನಮೇಕರ್ ಆರ್ಗನ್ನಿನ ಮಾತು ಬೇರೆ. 1904ರ ಸೇಂಟ್ ಲೂಯಿಸ್ ಮೇಳಕ್ಕೆ ಮಾಡಿದ್ದನ್ನು 13 ರೈಲು ವ್ಯಾಗನ್ನುಗಳಲ್ಲಿ ತಂದು ಬಟ್ಟೆಬರೆ ಅಂಗಡಿಯೊಂದರ ನಡುವೆ ಕೂರಿಸಿದರು. 1911ರಿಂದ ನುಡಿಯಿತು, ಬೆಳೆಯುತ್ತಾ ಬೆಳೆಯುತ್ತಾ 28,750 ಕೊಳವೆಗಳಾದವು. ಸೀರೆ ಅಂಗಡಿಯಲ್ಲಿ ನಿಂತು ನಾದಸ್ವರ ಕೇಳಿದ ಹಾಗೆ, ಜನ ಸಾಮಾನು ಕೊಳ್ಳುತ್ತಾ ಬಾಖ್‌ನನ್ನು ಕೇಳುತ್ತಿದ್ದರು. 2025ರ ಮಾರ್ಚಿಯಲ್ಲಿ ಆ ಅಂಗಡಿ ಮುಚ್ಚಿತು. ಹೋಗುವ ಮುಂಚೆ ವಿಚಾರಿಸಿಕೊಂಡು ಹೋಗಿ. ಕೊಂಡಾಡುವ ಕಿವಿಗಳಿದ್ದರೆ ಮಾತ್ರ ಇಂಥ ವಾದ್ಯ ಉಳಿಯುತ್ತದೆ. ಇಂದು ಎಷ್ಟೋ ಊರುಗಳಲ್ಲಿ ಚರ್ಚು ಮುಚ್ಚಿದಾಗ ಆರ್ಗನ್ನು ಅನಾಥವಾಗುತ್ತಿದೆ.

ನಮ್ಮ ಮನೆಗಳ ಅಟ್ಟದ ಮೇಲಿರುವ ಪೇಟಿಯ ಕಥೆಯೂ ಅದೇ. ಊರಿನಿಂದ ತಂದದ್ದಿದ್ದರೆ ಕೆಳಗಿಳಿಸಿ. ಇಲ್ಲಿಯ ಚಳಿಗಾಲದ ಹೀಟರಿಗೆ ಮರ ಒಣಗಿ ಸಂದು ಬಿಟ್ಟು ಗಾಳಿ ಸೋರುತ್ತದೆ. ಕೋಣೆಯಲ್ಲಿ ಸ್ವಲ್ಪ ತೇವ ಇರಲಿ, ಹೀಟರಿನ ಬಾಯಿಯ ಹತ್ತಿರ ಇಡಬೇಡಿ, ವಾರಕ್ಕೊಮ್ಮೆಯಾದರೂ ನುಡಿಸಿ. ನುಡಿಸದ ಪೇಟಿ ಬೇಗ ಕೆಡುತ್ತದೆ.

ಮನೆಪಾಠ

1. ಕೀಬೋರ್ಡಿನಲ್ಲಿ ಆರ್ಗನ್ ದನಿ ಇಟ್ಟು ಷಡ್ಜ-ಪಂಚಮ ಒಟ್ಟಿಗೆ ಒತ್ತಿ ಹಿಡಿಯಿರಿ. ಆಮೇಲೆ ಷಡ್ಜ-ಅಂತರ ಗಾಂಧಾರ. ಎರಡನೆಯದರಲ್ಲಿ ಅಲುಗಾಟ ಮಕ್ಕಳಿಗೆ ಕೇಳುತ್ತದೆಯೇ ಕೇಳಿ. ಅವರ ಕಿವಿ ನಮ್ಮದಕ್ಕಿಂತ ಚುರುಕು.

2. ತಂಬೂರಿ ಹಾಕಿಕೊಂಡು ಗಾಂಧಾರವನ್ನು ಹಾಡಿ, ಅದು ತಂಬೂರಿಯಲ್ಲಿ ಕರಗುವ ತನಕ ನಿಲ್ಲಿಸಿ. ಆಗ ಕೀಬೋರ್ಡಿನ ಗಾಂಧಾರ ಒತ್ತಿ. ವ್ಯತ್ಯಾಸ ಮಕ್ಕಳೇ ಹೇಳುತ್ತಾರೆ.

3. ಹತ್ತಿರದ ಚರ್ಚಿನ ಆರ್ಗನ್ ನುಡಿಸುವವರನ್ನು ಒಮ್ಮೆ ಕೇಳಿ ನೋಡಿ. ಮಕ್ಕಳಿಗೆ ತೋರಿಸುತ್ತೀರಾ ಎಂದರೆ ಬೇಡ ಎಂದವರನ್ನು ನಾನು ಇನ್ನೂ ಕಂಡಿಲ್ಲ.

ಇನ್ನು ಆ ಮೊದಲ ಪ್ರಶ್ನೆಗೆ ನನ್ನ ಸಲಹೆ ಇಷ್ಟೇ. ಪಿಯಾನೋ ಬಿಡಿಸಬೇಡಿ, ಅದರ ಪಾಡಿಗೆ ಅದು ಪೂರ್ಣ ವಿದ್ಯೆ. ಹಾಡುವಾಗ ಕೀಬೋರ್ಡಿನಿಂದ ಷಡ್ಜ, ಪಂಚಮ ತೆಗೆದುಕೊಂಡರೆ ತೊಂದರೆಯಿಲ್ಲ. ಮಿಕ್ಕ ಸ್ವರಗಳನ್ನು ಅದರ ಮೇಲೆ ಹುಡುಕುವುದು ಬೇಡ, ಅವನ್ನು ತಂಬೂರಿಯೂ ಗುರುಗಳ ಕಂಠವೂ ಕೊಡಲಿ. ಎರಡು ಭಾಷೆ ಆಡುವ ನಮ್ಮ ಮಕ್ಕಳಿಗೆ ಎರಡು ಗಾಂಧಾರ ಭಾರವೇನಲ್ಲ. ಯಾವುದು ಯಾವ ಮನೆಯದು ಎಂದು ನಾವು ಹೇಳಿಕೊಟ್ಟರೆ ಸಾಕು.

ಪ್ರಯೋಗ ಮಾಡಿ ನೋಡಿದವರು ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ಅಟ್ಟದಿಂದ ಇಳಿದ ಪೇಟಿ ಗಾಳಿ ಹಿಡಿಯದಿದ್ದರೆ ದೀಪಾವಳಿ ಕಾರ್ಯಕ್ರಮಕ್ಕೆ ಹೊತ್ತು ತನ್ನಿ, ಸ್ಕ್ರೂಡ್ರೈವರ್ ನಾನು ತರುತ್ತೇನೆ.